ಹಿಮ್ಮಡಿ ನರದ ಆಪರೇಷನ್ ಆದ ಮೇಲೆ: ಮನೆಯಲ್ಲಿ ಮಾಡುವ ವ್ಯಾಯಾಮ, ವಾರದ ಲೆಕ್ಕದಲ್ಲಿ

ಅಕ್ಟೋಬರ್ ಕೊನೆಯ ವಾರ. ಮಳೆ ನಿಂತು ಊರಿನ ಶಾಲೆ ಮೈದಾನ ಒಣಗಿತ್ತು. ವಾಲಿಬಾಲ್ ಆಡುತ್ತಿದ್ದೆವು. ಬಲೆ ಹತ್ತಿರ ಬಿದ್ದ ಚೆಂಡಿಗೆ ಓಡೋಣವೆಂದು ಎಡಗಾಲು ಊರಿದ್ದೇ ತಡ, ಹಿಮ್ಮಡಿಯ ಮೇಲೆ ಯಾರೋ ಕೋಲಿನಿಂದ ಬಾರಿಸಿದ ಹಾಗಾಯಿತು. ಟಪ್ ಅಂತ ಸದ್ದೂ ಕೇಳಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಮೊದಲು ತೋರಿಸಿದ ಕಡೆ ಉಳುಕು ಅಂತ ಪಟ್ಟಿ ಸುತ್ತಿ ಕಳಿಸಿದರು. ನಾಲ್ಕು ದಿನ ಕುಂಟಿದೆ. ಐದನೇ ದಿನ ಬೇರೊಬ್ಬ ಮೂಳೆ ಡಾಕ್ಟರು ನನ್ನನ್ನು ಬೋರಲು ಮಲಗಿಸಿ, ಪಾದಗಳನ್ನು ಮಂಚದಿಂದ ಆಚೆ ಬಿಡಿಸಿ, ಮೀನಖಂಡವನ್ನು ಕೈಯಲ್ಲಿ ಹಿಂಡಿದರು. ಬಲ ಪಾದ ಮಿಸುಕಿತು. ಎಡ ಪಾದ ಅಲ್ಲಾಡಲೇ ಇಲ್ಲ. "ಪೂರ್ತಿ ಹರಿದಿದೆ" ಎಂದರು. ಹತ್ತು ಸೆಕೆಂಡಿನ ಪರೀಕ್ಷೆ ಅದು. ನಿಮ್ಮವರಿಗೆ ಯಾರಿಗಾದರೂ ಹೀಗೆ ಪೆಟ್ಟಾದರೆ ಈ ಪರೀಕ್ಷೆ ಮಾಡಿ ನೋಡಿ ಅಂತ ಡಾಕ್ಟರನ್ನು ಕೇಳಿ.

ಆಪರೇಷನ್ ಆಯಿತು. ಮನೆಗೆ ಬರುವಾಗ ವ್ಯಾಯಾಮದ ಒಂದು ಹಾಳೆ ಕೊಟ್ಟರು. ಹಾಳೆ ಒಳ್ಳೆಯದೇ. ಆದರೆ ಸೋಫಾ, ಕಮೋಡು, ಸಮತಟ್ಟಾದ ಟೈಲ್ಸ್ ನೆಲ ಇರುವ ಮನೆಗೆ ಬರೆದದ್ದು. ನಮ್ಮದು ಶಿರಸಿ ಹತ್ತಿರದ ಹಳ್ಳಿಮನೆ. ಜಗಲಿಗೆ ನಾಲ್ಕು ಮೆಟ್ಟಿಲು, ಊಟಕ್ಕೆ ಮಣೆ, ಬಚ್ಚಲು ಅಂಗಳದ ಆಚೆ. ನಮ್ಮ ಜಿಲ್ಲೆಯ ಎಷ್ಟೋ ಜನ ಇಂಥ ಆಪರೇಷನ್‌ಗೆ ಹುಬ್ಬಳ್ಳಿ, ಮಣಿಪಾಲ, ಇಲ್ಲವೇ ಗೋವಾಕ್ಕೆ ಹೋಗಿ ಬರುತ್ತಾರೆ. ಘಟ್ಟ ಹತ್ತಿ ಇಳಿದು ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ಜಾಸ್ತಿ ಕೆಲಸ ಮನೆಯಲ್ಲೇ ನಡೆಯಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ವಾರಗಳ ಲೆಕ್ಕ ಸಾಮಾನ್ಯವಾಗಿ ಪಾಲಿಸುವಂಥದ್ದು. ನಿಮ್ಮ ಗಾಯ, ಹೊಲಿಗೆ, ವಯಸ್ಸು, ಸಕ್ಕರೆ ಕಾಯಿಲೆ ನೋಡಿ ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಬೇಕು.

ಎಳೆಯಬೇಡಿ

ನಾವು ಹಿಮ್ಮಡಿ ನರ ಅಂತೇವೆ. ಡಾಕ್ಟರು ಅಕಿಲಿಸ್ ಟೆಂಡನ್ ಅಂತಾರೆ. ಅದು ನರವೇ ಅಲ್ಲ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿ ಮೂಳೆಗೆ ಕಟ್ಟಿದ ಹಗ್ಗ. ದೇಹದಲ್ಲಿ ಇದಕ್ಕಿಂತ ದಪ್ಪದ, ಗಟ್ಟಿಯಾದ ಟೆಂಡನ್ ಇನ್ನೊಂದಿಲ್ಲ. ಹರಿಯುವುದು ಹೆಚ್ಚಾಗಿ ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲೆ. ಅಲ್ಲಿ ರಕ್ತ ಓಡಾಟ ಕಡಿಮೆ. ವಾಸಿಯಾಗುವುದೂ ನಿಧಾನ.

ಹೊಲಿದ ಹಗ್ಗ ಕೂಡಿಕೊಳ್ಳುವ ಮೊದಲು ಎಳೆದರೆ ಏನಾಗುತ್ತದೆ? ಒಂದೋ ಮತ್ತೆ ಹರಿಯುತ್ತದೆ. ಇಲ್ಲವೇ ಉದ್ದವಾಗಿ ಕೂಡಿಕೊಳ್ಳುತ್ತದೆ. ಎರಡನೆಯದು ಮೋಸದ್ದು, ಯಾಕೆಂದರೆ ನೋವೇ ಇರುವುದಿಲ್ಲ. ಪಾದ ಸಲೀಸಾಗಿ ಮೇಲೆ ಬರುತ್ತದೆ, ಬೇಗ ಗುಣವಾಯಿತು ಅಂತ ಖುಷಿಯೂ ಆಗುತ್ತದೆ. ಆರು ತಿಂಗಳು ಕಳೆದು ತುದಿಗಾಲಿನಲ್ಲಿ ನಿಲ್ಲಲು ಹೋದರೆ ಹಿಮ್ಮಡಿ ಮೇಲೇಳುವುದಿಲ್ಲ. ಹಗ್ಗ ಸಡಿಲವಾದರೆ ಸ್ನಾಯು ಎಷ್ಟು ಜಗ್ಗಿದರೂ ಅಷ್ಟೇ ಅಲ್ವಾ? ಬಿಗಿಯಾಗಿರುವ ಟೆಂಡನ್ ಸಮಯ ಕೊಟ್ಟರೆ ತಾನಾಗಿ ಸಡಿಲವಾಗುತ್ತದೆ. ಉದ್ದವಾದದ್ದನ್ನು ವ್ಯಾಯಾಮದಿಂದ ಗಿಡ್ಡ ಮಾಡಲು ಬರುವುದಿಲ್ಲ.

ಹಾಗಾಗಿ ಮೊದಲ ಮೂರು ತಿಂಗಳು ಪಾದವನ್ನು ಕೈಯಿಂದಾಗಲಿ, ಟವೆಲ್ ಹಾಕಿಯಾಗಲಿ ನಿಮ್ಮ ಕಡೆಗೆ ಎಳೆದುಕೊಳ್ಳಬೇಡಿ. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮವೂ ಬೇಡ.

ಮೊದಲ ಎರಡು ವಾರ

ಪಾದ ಕೆಳಮುಖವಾಗಿ ಇರುವಂತೆ ಪಟ್ಟಿ ಹಾಕಿರುತ್ತಾರೆ. ಹರಿದ ತುದಿಗಳು ಹತ್ತಿರ ಇರಲಿ ಅಂತ. ಕಾಲಿನ ಕೆಳಗೆ ಎರಡು ದಿಂಬು ಇಟ್ಟು ಎದೆಗಿಂತ ಮೇಲೆ ಇರುವಂತೆ ಮಲಗಿ. ಇಳಿಬಿಟ್ಟು ಕೂತರೆ ಬಾವು ಬರುತ್ತದೆ, ಬಾವು ಬಂದರೆ ಗಾಯ ತಡವಾಗಿ ಒಣಗುತ್ತದೆ.

ವ್ಯಾಯಾಮ ಇಷ್ಟೇ. ಕಾಲ್ಬೆರಳು ಆಡಿಸುವುದು, ಎಚ್ಚರ ಇದ್ದಾಗಲೆಲ್ಲ ಗಂಟೆಗೊಮ್ಮೆ. ಮೊಣಕಾಲು ನೆಟ್ಟಗಿಟ್ಟು ತೊಡೆ ಬಿಗಿಹಿಡಿಯುವುದು, 10 ಸೆಕೆಂಡಿನಂತೆ ಹತ್ತು ಸಲ. ಅಂಗಾತ ಮಲಗಿ ಕಾಲನ್ನು ನೆಟ್ಟಗೆ ಒಂದು ಅಡಿ ಎತ್ತಿ ನಿಧಾನ ಇಳಿಸುವುದು, ಹತ್ತರಂತೆ ಮೂರು ಸುತ್ತು. ಮಗ್ಗುಲಾಗಿ ಮಲಗಿ ಅದೇ ಕಾಲನ್ನು ಪಕ್ಕಕ್ಕೆ ಎತ್ತುವುದು. ಇದೆಲ್ಲ ಹಿಮ್ಮಡಿಗೆ ಏನು ಮಾಡುತ್ತದೆ ಅಂತ ನನಗೂ ಅನಿಸಿತ್ತು. ಎರಡು ತಿಂಗಳು ಬಿಟ್ಟು ನಡೆಯಲು ಶುರು ಮಾಡುವಾಗ ತೊಡೆ, ಸೊಂಟ ಸೊರಗಿದ್ದರೆ ಆ ಕೊರತೆ ಎಲ್ಲಾ ಹಿಮ್ಮಡಿಯ ಮೇಲೇ ಬೀಳುತ್ತದೆ.

ಊರುಗೋಲಿನ ಭಾರ ಅಂಗೈ ಮೇಲೆ ಇರಲಿ, ಕಂಕುಳಿನ ಮೇಲೆ ಬೇಡ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಊರುಗೋಲು ಮತ್ತು ಪೆಟ್ಟಾದ ಕಾಲು ಮೊದಲು. ನಮ್ಮ ಆಯಿ ನಾನು ಎದ್ದಾಗಲೆಲ್ಲ ಅಡುಗೆಮನೆಯಿಂದಲೇ "ತಮಾ, ಕಾಲು ಊರಡ" ಅಂತ ಕೂಗುತ್ತಿದ್ದಳು. ಆ ಕೂಗು ಇಲ್ಲದಿದ್ದರೆ ಒಂದೆರಡು ಸಲ ಮರೆತು ಊರಿಯೇ ಬಿಡುತ್ತಿದ್ದೆ.

ಈ ಹೊತ್ತಿನಲ್ಲಿ ಎರಡು ಅಪಾಯ ಗೊತ್ತಿರಲಿ. ಮೀನಖಂಡ ಒಂದೇ ಸಮನೆ ಊದಿ, ಬಿಸಿಯಾಗಿ, ಮುಟ್ಟಿದರೆ ನೋವಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಅದರ ಜೊತೆ ಉಬ್ಬಸ, ಎದೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಇನ್ನೊಂದು, ಗಾಯದಿಂದ ಕೀವು, ಕೆಟ್ಟ ವಾಸನೆ, ಜ್ವರ. ಆ ಜಾಗದ ಚರ್ಮ ತೆಳು, ಗಾಯ ಬಿಟ್ಟುಕೊಂಡರೆ ದೊಡ್ಡ ತೊಂದರೆ. ಎಣ್ಣೆ, ಲೇಪ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ಕಾಲು ತಿಕ್ಕುವವರನ್ನು ಕರೆಸೋಣ ಅಂತ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತ ಇದ್ದರೆ ತಿಕ್ಕುವುದರಿಂದ ಅದು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ಕೈಮುಗಿದು ಬೇಡ ಅನ್ನಿ. ಬೀಡಿ ಸಿಗರೇಟು ಸೇದುವವರು ಈ ಮೂರು ತಿಂಗಳಾದರೂ ಬಿಡಲೇಬೇಕು, ಗಾಯ ಒಣಗದಿರಲು ಅದೊಂದು ದೊಡ್ಡ ಕಾರಣ.

ಪಾದದ ಹೊರಬದಿ ಜುಮ್ಮೆನ್ನುವುದು, ಮರಗಟ್ಟುವುದು ಕೆಲವರಿಗೆ ಆಗುತ್ತದೆ. ಅಲ್ಲೇ ಪಕ್ಕದಲ್ಲಿ ಒಂದು ನಿಜವಾದ ನರ ಹಾದುಹೋಗುತ್ತದೆ. ಡಾಕ್ಟರಿಗೆ ತಿಳಿಸಿ.

ಬೂಟು ಮತ್ತು ಅಡಿಕೆ ತೂಗುವ ಯಂತ್ರ: 2ರಿಂದ 6 ವಾರ

ಎರಡು ವಾರಕ್ಕೆ ಹೊಲಿಗೆ ಬಿಚ್ಚಿ ಮೊಣಕಾಲಿನ ತನಕ ಬರುವ ಬೂಟು ಹಾಕುತ್ತಾರೆ. ಒಳಗೆ ಹಿಮ್ಮಡಿಯ ಕೆಳಗೆ ಬೆಣೆಯಾಕಾರದ ತುಂಡುಗಳು ಇರುತ್ತವೆ, ಸಾಮಾನ್ಯವಾಗಿ ಮೂರು. ವಾರಕ್ಕೋ ಎರಡು ವಾರಕ್ಕೋ ಒಂದೊಂದು ತೆಗೆಯುತ್ತಾ ಪಾದವನ್ನು ಸಮಕ್ಕೆ ತರುತ್ತಾರೆ. ನಾನೇ ತೆಗೆದರಾಯಿತು ಅಂತ ಅವಸರ ಬೇಡ. ಮಲಗುವಾಗಲೂ ಬೂಟು ಇರಲಿ. ನಿದ್ದೆಗಣ್ಣಲ್ಲಿ ಎದ್ದು ಬರಿಗಾಲು ಊರಿ ಮತ್ತೆ ಹರಿದುಕೊಂಡವರಿದ್ದಾರೆ.

ಬೂಟು ಹಾಕಿದ ಕಾಲು ಎತ್ತರವಾಗಿ ಸೊಂಟ ವಾಲುತ್ತದೆ. ಇನ್ನೊಂದು ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ ಹಾಕಿ. ನಾನು ಹಾಕದೆ ಒಂದು ವಾರ ಬೆನ್ನುನೋವು ತಿಂದೆ.

ಈಗ ಸ್ವಲ್ಪ ಸ್ವಲ್ಪ ಭಾರ ಹಾಕಲು ಹೇಳುತ್ತಾರೆ. ಮೊದಲು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಕಾಲು ಭಾಗ ಅಂದರೆ ಎಷ್ಟು ಅಂತ ಕಾಲಿಗೆ ಹೇಗೆ ಗೊತ್ತಾಗಬೇಕು? ನಮ್ಮ ಮನೆಯಲ್ಲಿ ಅಡಿಕೆ ತೂಗುವ ಯಂತ್ರ ಇತ್ತು. ಜಗಲಿಯಲ್ಲಿ ಅದನ್ನಿಟ್ಟು, ಪಕ್ಕದಲ್ಲಿ ಅದರಷ್ಟೇ ಎತ್ತರದ ಹಲಗೆ ಹಾಕಿದೆವು. ಗಟ್ಟಿ ಕಾಲು ಹಲಗೆ ಮೇಲೆ, ಬೂಟಿನ ಕಾಲು ಯಂತ್ರದ ಮೇಲೆ. ನನ್ನ ತೂಕ 72 ಕೆಜಿ. ಮುಳ್ಳು 18ಕ್ಕೆ ಬರುವವರೆಗೆ ಒತ್ತುವುದು, ಐದು ಸೆಕೆಂಡು ಹಿಡಿಯುವುದು, ಬಿಡುವುದು. ಕಣ್ಣು ಮುಚ್ಚಿ ಒತ್ತಿ ಆಮೇಲೆ ಮುಳ್ಳು ನೋಡುವುದು. ಮೊದಲ ದಿನ 18 ಅಂದುಕೊಂಡು ಒತ್ತಿದ್ದು 31 ಆಗಿತ್ತು! ಮೂರು ದಿನದಲ್ಲಿ ಕಾಲು ಲೆಕ್ಕ ಕಲಿತಿತು. ಮನೆಯಲ್ಲಿ ತೂಕ ನೋಡುವ ಸಣ್ಣ ಯಂತ್ರ ಇದ್ದರೂ ಸಾಕು.

ಬೂಟು ಬಿಚ್ಚಿ ವ್ಯಾಯಾಮ ಮಾಡಲು ಡಾಕ್ಟರು ಒಪ್ಪಿದ ಮೇಲೆ ಇದನ್ನು ಮಾಡಿ. ಮಂಚದ ಅಂಚಿಗೆ ಕೂತು ಮೊಣಕಾಲು ಮಡಚಿ ಕಾಲು ಇಳಿಬಿಡಿ. ಪಾದದ ತುದಿಯನ್ನು ಮೆಲ್ಲಗೆ ಕೆಳಗೆ ಚಾಚಿ. ಆಮೇಲೆ ಪಾದದ ಸ್ವಂತ ಬಲದಿಂದ ಮೇಲೆ ತನ್ನಿ, ನೆಲಕ್ಕೆ ಸಮ ಆಗುವುದರೊಳಗೆ ನಿಲ್ಲಿಸಿ. ಹಿಂದೆ ಎಳೆತ ಶುರುವಾದರೆ ಅದಕ್ಕೂ ಮೊದಲೇ ನಿಲ್ಲಿಸಿ. 15 ಸಲದಂತೆ ದಿನಕ್ಕೆ ಮೂರು ಹೊತ್ತು. ಮೊಣಕಾಲು ಮಡಚಿದಾಗ ಟೆಂಡನ್ ಮೇಲೆ ಎಳೆತ ಕಡಿಮೆ, ಹಾಗಾಗಿ ಕಾಲು ನೀಡಿಕೊಂಡು ಮಾಡಬೇಡಿ. ಪಾದವನ್ನು ಒಳಕ್ಕೆ, ಹೊರಕ್ಕೆ ಆಡಿಸುವುದೂ ಸೇರಲಿ.

ಕಮೋಡು, ಮಣೆ, ಮೆಟ್ಟುಗತ್ತಿ

ನನ್ನ ಪ್ರಕಾರ ನಮ್ಮ ಕಡೆಯವರಿಗೆ ನಿಜವಾದ ಅಪಾಯ ಇರುವುದು ಇಲ್ಲಿ. ಕುಕ್ಕರಗಾಲಿನಲ್ಲಿ ಕೂತಾಗ ಮೊಣಕಾಲು ಪಾದದ ಮುಂದಕ್ಕೆ ಹೋಗಿ ಹಿಮ್ಮಡಿಯ ಹಗ್ಗ ಪೂರ್ತಿ ಎಳೆಯುತ್ತದೆ. ಎಳೆಯಬೇಡಿ ಅಂತ ಹಾಳೆಯಲ್ಲಿ ಬರೆದಿರುತ್ತದೆ. ಬೆಳಿಗ್ಗೆ ಪಾಯಖಾನೆಗೆ ಹೋಗಿ ಎಳೆದುಕೊಂಡು ಬರುತ್ತೇವೆ.

ಆಪರೇಷನ್‌ಗೆ ಮುಂಚೆಯೇ ಕಮೋಡು ಕುರ್ಚಿ ತಂದಿಡಿ. ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯ ಪಾಯಖಾನೆಯ ಮೇಲೇ ಇಟ್ಟು ಬಳಸಬಹುದು. ಸ್ನಾನಕ್ಕೂ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಳ್ಳಿ. ಊಟ ಟೇಬಲ್ ಮೇಲಾಗಲಿ. ಮಣೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದಕ್ಕಿಂತ ಅಲ್ಲಿಂದ ಏಳುವುದು ಕಷ್ಟ. ಏಳುವಾಗ ಒಂದು ಪಾದ ಹಿಂದಕ್ಕೆ ಮಡಚಿ ಒತ್ತುತ್ತೇವೆ, ಗಮನಿಸಿ ನೋಡಿ.

ನನ್ನ ಆಪರೇಷನ್ ಆದದ್ದು ಅಡಿಕೆ ಸುಲಿಯುವ ಸಮಯಕ್ಕೆ. ಅಂಗಳದಲ್ಲಿ ಎಲ್ಲರೂ ಮೆಟ್ಟುಗತ್ತಿ (ಹಲಗೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಕತ್ತಿ) ಹಾಕಿ ಕೂತಿರುವಾಗ ನಾನೊಬ್ಬ ಸುಮ್ನೆ ಮಲಗಿರಲು ಮನಸ್ಸಾಗಲಿಲ್ಲ. ಐದನೇ ವಾರ ಬೂಟು ಬಿಚ್ಚಿಟ್ಟು ಮಣೆ ಮೇಲೆ ಕೂತು ಕತ್ತಿಯ ಹಲಗೆ ಮೆಟ್ಟಿದೆ. ಹತ್ತು ನಿಮಿಷ ಆಗಿರಬಹುದು. ನೋವೇನೂ ಆಗಲಿಲ್ಲ. ಮರುದಿನ ಹಿಮ್ಮಡಿಯ ಎರಡೂ ಬದಿಯ ಗುಳಿ ಬಾವಿನಿಂದ ಮುಚ್ಚಿಹೋಗಿತ್ತು. ಫಿಸಿಯೋ ಹೇಳಿದ ಮಾತು ಇನ್ನೂ ನೆನಪಿದೆ: "ಸರ್, ನೀವು ವ್ಯಾಯಾಮ ಮಾಡೋದು ದಿನಕ್ಕೆ ಅರ್ಧ ಗಂಟೆ. ಉಳಿದ ಇಪ್ಪತ್ಮೂರೂವರೆ ಗಂಟೆ ಕಾಲು ಹೇಗಿರ್ತದೆ ಅನ್ನೋದೇ ಮುಖ್ಯ." ಆಮೇಲೆ ಎತ್ತರದ ಕುರ್ಚಿಯಲ್ಲಿ ಕೂತು ಸುಲಿದ ಅಡಿಕೆ ಆರಿಸುವ ಕೆಲಸ ಹಿಡಿದೆ.

ತೋಟಕ್ಕೆ ಇಳಿಯುವುದು, ಹಳ್ಳದ ಸಂಕ (ಕಾಲುಸೇತುವೆ) ದಾಟುವುದು ನಾಲ್ಕು ತಿಂಗಳು ಬೇಡ. ಕಾರಿನಲ್ಲಿ ದೇವಿಮನೆ ಘಟ್ಟ ಇಳಿಯುವಂಥ ಪ್ರಯಾಣ ಇದ್ದರೆ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂತು, ದಾರಿಯಲ್ಲಿ ಒಂದೆರಡು ಸಲ ಇಳಿದು ನಿಲ್ಲಿ. ಬೆರಳು ಆಡಿಸುತ್ತಾ ಇರಿ.

ಬೂಟು ಬಿಡುವ ಕಾಲ: 6ರಿಂದ 12 ವಾರ

ಬೂಟು ಒಂದೇ ದಿನ ಬಿಡುವಂಥದ್ದಲ್ಲ. ಮೊದಲು ಮನೆಯೊಳಗೆ ಒಂದು ಗಂಟೆ, ಮರುದಿನ ಎರಡು. ಹೊರಗೆ ಹೋಗುವಾಗ ಬೂಟೇ ಇರಲಿ. ಬರಿಗಾಲಿನಲ್ಲಿ ನಡೆಯಬೇಡಿ. ಚಪ್ಪಲಿ ಬಾಗಿಲಿನಾಚೆ ಬಿಟ್ಟು ಒಳಗೆ ಬರುವುದು ನಮ್ಮ ರೂಢಿ. ಮನೆಯೊಳಗಿಗೆಂದೇ ಬೇರೆ ಶೂ ಇಟ್ಟುಕೊಂಡು, ಹಿಮ್ಮಡಿ ಕೆಳಗೆ ಒಂದು ಸೆಂ.ಮೀ. ದಪ್ಪದ ಮೆತ್ತೆ ಹಾಕಿ.

ನಡೆಯುವಾಗ ಸಣ್ಣ ಹೆಜ್ಜೆ. ಕುಂಟುತ್ತಾ ಒಂದು ಕಿಲೋಮೀಟರ್ ನಡೆಯುವುದಕ್ಕಿಂತ ಊರುಗೋಲು ಹಿಡಿದು ನೆಟ್ಟಗೆ ನೂರು ಹೆಜ್ಜೆ ಹಾಕುವುದು ಮೇಲು. ಕುಂಟು ರೂಢಿಯಾದರೆ ಬಿಡಿಸುವುದು ಕಷ್ಟ.

ಈ ಹಂತದ ಮುಖ್ಯ ವ್ಯಾಯಾಮ ಕೂತು ಹಿಮ್ಮಡಿ ಎತ್ತುವುದು. ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೆ ಊರಿ. ಬೆರಳ ಬುಡ ನೆಲದಲ್ಲೇ ಇರಲಿ, ಹಿಮ್ಮಡಿ ಮಾತ್ರ ಎತ್ತಿ. ಎರಡು ಎಣಿಸುತ್ತಾ ಮೇಲೆ, ಮೂರು ಎಣಿಸುತ್ತಾ ಕೆಳಗೆ. 15 ಸಲದಂತೆ ಮೂರು ಸುತ್ತು. ಸುಲಭ ಅನಿಸಿದ ಮೇಲೆ ಮೊಣಕಾಲಿನ ಮೇಲೆ ಐದು ಕೆಜಿ ಅಕ್ಕಿ ಚೀಲ ಇಡಿ. ಮೀನಖಂಡದ ಒಳಪದರದ ಸ್ನಾಯುವಿಗೆ ಇದರಷ್ಟು ಒಳ್ಳೆಯ ಕೆಲಸ ಬೇರೆ ಇಲ್ಲ.

ಜೊತೆಗೆ ರಬ್ಬರ್ ಪಟ್ಟಿ. ಪಾದದ ತುದಿಗೆ ಸುತ್ತಿ ಎರಡು ತುದಿ ಕೈಯಲ್ಲಿ ಹಿಡಿದು, ಪಾದವನ್ನು ಮುಂದಕ್ಕೆ ಒತ್ತಿ, ನಿಧಾನ ಬಿಡಿ. ಬಿಡುವಾಗ ಪಟ್ಟಿ ಪಾದವನ್ನು ಸಮಕ್ಕಿಂತ ಈಚೆ ಎಳೆಯದಂತೆ ನೋಡಿಕೊಳ್ಳಿ.

ನೋವಿನ ಲೆಕ್ಕ ಹೀಗಿಡಿ. ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವಾದರೆ ಪರವಾಗಿಲ್ಲ. ಆದರೆ ಮರುದಿನ ಬೆಳಿಗ್ಗೆ ಹಿಮ್ಮಡಿ ಹಿಂದಿನ ದಿನಕ್ಕಿಂತ ಬಿಗಿಯಾಗಿದ್ದರೆ, ಊದಿದ್ದರೆ, ಆ ದಿನ ಅರ್ಧ ಮಾತ್ರ ಮಾಡಿ. ನಿರ್ಧಾರ ಬೆಳಗಿನ ಕಾಲಿನದ್ದು.

ಗಾಯ ಪೂರ್ತಿ ಒಣಗಿ ಹಕ್ಕಳೆ ಉದುರಿದ ಮೇಲೆ ಕಲೆಯ ಮೇಲೆ ತೆಂಗಿನೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಎರಡು ನಿಮಿಷ ಆಡಿಸಬಹುದು. ಚರ್ಮ ಕೆಳಗಿನ ಟೆಂಡನ್‌ಗೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ.

ಕಾರವಾರದ ಮರಳು

ಹತ್ತನೇ ವಾರಕ್ಕೆ ಕೆಲಸಕ್ಕೆಂದು ಕಾರವಾರಕ್ಕೆ ಬಂದೆ. ಸಂಜೆ ಟ್ಯಾಗೋರ್ ಕಡಲತೀರ ಕರೆಯುತ್ತಿತ್ತು. ಮರಳಲ್ಲಿ ನಡೆದರೆ ಕಾಲು ಗಟ್ಟಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗಟ್ಟಿ ಕಾಲಿಗೆ ಅದು ನಿಜ. ಹೊಲಿದ ಹಿಮ್ಮಡಿಗೆ ಸಡಿಲ ಮರಳು ಒಳ್ಳೆಯದಲ್ಲ. ಪ್ರತಿ ಹೆಜ್ಜೆಗೂ ಹಿಮ್ಮಡಿ ಹೂತು ಬೆರಳಿಗಿಂತ ಕೆಳಗೆ ಇಳಿಯುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಬಿಟ್ಟ ಹಾಗೆ. ಅಲೆ ತಾಗುವ ಗಟ್ಟಿ ಮರಳು ವಾಸಿ, ಆದರೆ ಅದು ಕಡಲ ಕಡೆಗೆ ಇಳಿಜಾರು. ನಾನು ಐದು ತಿಂಗಳು ತುಂಬುವವರೆಗೆ ರಸ್ತೆ ಬದಿಯ ಸಮ ದಾರಿಯಲ್ಲೇ ಶೂ ಹಾಕಿ ನಡೆದೆ. ಆಮೇಲೆ ಗಟ್ಟಿ ಮರಳಿನಲ್ಲಿ ಹತ್ತು ನಿಮಿಷ, ಹೋದಷ್ಟೇ ದೂರ ವಾಪಸ್, ಎರಡೂ ಕಾಲಿಗೆ ಇಳಿಜಾರು ಸಮ ಆಗಲಿ ಅಂತ.

ಬಾಗಿಲ ದಾರಂದದ ಮೇಲಿನ ಗೆರೆ

ಎಂಟು ಹತ್ತು ವಾರದ ಹೊತ್ತಿಗೆ ನಿಂತು ಹಿಮ್ಮಡಿ ಎತ್ತುವುದು ಶುರು. ಅಡುಗೆಕಟ್ಟೆ ಹಿಡಿದು ಎರಡೂ ಕಾಲಿನಲ್ಲಿ ಎದ್ದು, ನಿಧಾನ ಇಳಿಯಿರಿ. ಮೊದಮೊದಲು ಭಾರವೆಲ್ಲ ಗಟ್ಟಿ ಕಾಲಿಗೇ ಹೋಗುತ್ತದೆ. ಮತ್ತೆ ತೂಕದ ಯಂತ್ರ ತನ್ನಿ, ಎಷ್ಟು ಹಂಚಿಕೆಯಾಗಿದೆ ಅಂತ ಕಾಣುತ್ತದೆ. ಹನ್ನೆರಡು ವಾರ ದಾಟಿ 20 ಸಲ ಸಮ ಭಾರದಲ್ಲಿ ಆದ ಮೇಲೆ, ಎರಡು ಕಾಲಿನಲ್ಲಿ ಎದ್ದು ಒಂದರಲ್ಲಿ ಇಳಿಯಿರಿ. ಇಳಿಯುವುದು ಐದು ಎಣಿಸುವಷ್ಟು ನಿಧಾನವಾಗಿರಲಿ. ಸಮನೆಲದಲ್ಲೇ ಮಾಡಿ, ಮೆಟ್ಟಿಲಂಚು ಇನ್ನೂ ಬೇಡ. ಒಂಟಿಕಾಲಿನಲ್ಲಿ 30 ಸೆಕೆಂಡು ನಿಲ್ಲುವುದನ್ನೂ ಸೇರಿಸಿ.

ಒಂಟಿಕಾಲಿನಲ್ಲಿ ಎದ್ದು ನಿಲ್ಲುವುದು ಬೇಗ ಬರುವುದಿಲ್ಲ. ಆರು ತಿಂಗಳಾದರೂ ಆಗದವರು ಎಷ್ಟೋ ಜನ. ಎದೆಗುಂದಬೇಡಿ. ನಾನು ಅಳತೆಗೆ ಒಂದು ದಾರಿ ಮಾಡಿಕೊಂಡೆ. ದಾರಂದದ ಪಕ್ಕ ನಿಂತು ತುದಿಗಾಲಲ್ಲಿ ಏಳುವುದು, ಹೆಂಡತಿ ಹಿಮ್ಮಡಿ ಎದ್ದಷ್ಟಕ್ಕೆ ಪೆನ್ಸಿಲ್ ಗೆರೆ ಎಳೆಯುವುದು. ಬಲಗಾಲಿನ ಗೆರೆ ನೆಲದಿಂದ ಆರು ಬೆರಳು. ಎಡಗಾಲಿನದು ನಾಲ್ಕನೇ ತಿಂಗಳಲ್ಲಿ ಒಂದು ಬೆರಳು. ಆರರಲ್ಲಿ ಮೂರು. ಒಂಬತ್ತರಲ್ಲಿ ಐದು. ಎಷ್ಟು ಸಲ ಎದ್ದೆ ಅನ್ನುವುದಕ್ಕಿಂತ ಎಷ್ಟು ಎತ್ತರ ಎದ್ದೆ ಅನ್ನುವುದನ್ನು ನೋಡಿ. ಅರ್ಧ ಎತ್ತರಕ್ಕೆ 25 ಸಲ ಏಳುವುದಕ್ಕಿಂತ ಪೂರ್ತಿ ಎತ್ತರಕ್ಕೆ ಎಂಟು ಸಲ ಎದ್ದರೆ ಕಾಲಿಗೆ ಜಾಸ್ತಿ ಲಾಭ.

ವಾರಕ್ಕೆ ಮೂರು ದಿನ ಭಾರದ ವ್ಯಾಯಾಮ, ನಡುವೆ ಒಂದೊಂದು ದಿನ ಬಿಡುವು. ಊಟದಲ್ಲಿ ಬೇಳೆ, ಹುರುಳಿ, ಮೊಟ್ಟೆ, ತಿನ್ನುವವರಾದರೆ ಮೀನು ಇರಲಿ.

ಓಟ, ಆಟ

ನಾಲ್ಕು ತಿಂಗಳಿಗೂ ಮೊದಲು ಓಡುವ ಮಾತೇ ಬೇಡ. ಆಮೇಲೂ ತಿಂಗಳಿಗಿಂತ ಕಾಲಿನ ಶಕ್ತಿ ನೋಡಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ಕುಂಟಬಾರದು, ಒಂಟಿಕಾಲಿನಲ್ಲಿ ಹತ್ತು ಸಲವಾದರೂ ಏಳಲು ಬರಬೇಕು. ಬಂದರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸುತ್ತು. ಹಾರುವುದು ಆರು ತಿಂಗಳ ಮೇಲೆ. ಮೊದಲು ಎರಡು ಕಾಲಿನಲ್ಲಿ, ಇದ್ದಲ್ಲೇ. ವಾಲಿಬಾಲ್, ಕಬಡ್ಡಿ, ಬ್ಯಾಡ್ಮಿಂಟನ್ ಒಂಬತ್ತು ತಿಂಗಳಿಂದ ವರ್ಷ ಹಿಡಿಯುತ್ತದೆ. ಯಕ್ಷಗಾನ ಕುಣಿಯುವವರು ಇನ್ನೂ ತಾಳ್ಮೆ ಇಟ್ಟುಕೊಳ್ಳಬೇಕು. ರಾತ್ರಿಯಿಡೀ ಹಲಗೆಯ ಮೇಲೆ ಹಾರಿ ಇಳಿಯುವ ಪೆಟ್ಟು ಸಣ್ಣದಲ್ಲ. ತಾಳಕ್ಕೆ ಹೆಜ್ಜೆ ಹಾಕುವುದರಿಂದ ಶುರು ಮಾಡಿ, ಹಾರಿ ಸುತ್ತುವ ದಿಗಿಣ ಕೊನೆಗೆ.

ಇನ್ನೊಂದು ಮಾತು. ಮುಂದೆ ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಟೆಂಡನ್ ಹರಿದಿತ್ತು ಅಂತ ಹೇಳಿ. ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಟೆಂಡನ್‌ಗೆ ತೊಂದರೆ ಕೊಡುತ್ತವೆ. ಬೇರೆ ಔಷಧ ಇದ್ದರೆ ಅವರು ಅದನ್ನು ಬರೆಯುತ್ತಾರೆ.

ಮತ್ತೆ ಕುಕ್ಕರಗಾಲಿಗೆ

ಎಲ್ಲರೂ ಸಂಕೋಚದಿಂದ ಕೊನೆಗೆ ಕೇಳುವುದು ಇದನ್ನೇ. ನಾನೂ ಕೇಳಿದ್ದೆ. ಐದಾರು ತಿಂಗಳಾಗಿ, ಡಾಕ್ಟರು ಸರಿ ಅಂದ ಮೇಲೆ ಹೀಗೆ ಮಾಡಿ. ಕಿಟಕಿ ಸರಳು ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿಗಳ ಕೆಳಗೆ ಎರಡು ಬೆರಳು ದಪ್ಪದ ಹಲಗೆ ಇಟ್ಟು, ಕುರ್ಚಿಯಲ್ಲಿ ಕೂರುವಷ್ಟು ಮಾತ್ರ ಇಳಿಯಿರಿ. ಹತ್ತು ಸಲ. ಒಂದು ವಾರ ತೊಂದರೆ ಇಲ್ಲ ಅಂದರೆ ಇನ್ನೊಂದು ಗೇಣು ಕೆಳಗೆ. ಪೂರ್ತಿ ಕೂರಲು ಬಂದ ಮೇಲೆ ಹಲಗೆ ತೆಳುವಾಗಲಿ. ಮಳೆಗಾಲವಾದರೆ ಬಚ್ಚಲಿನ ದಾರಿಯ ಹಾವಸೆ ತಿಕ್ಕಿಸಿ, ಅಂಗಳಕ್ಕೆ ಸೋಗೆ ಹಾಸಿಸಿ, ಗೋಡೆಗೊಂದು ಹಿಡಿಕೆ ಹೊಡೆಸಿ. ನಾನು ಹಲಗೆ ತೆಗೆದದ್ದು ಎಂಟನೇ ತಿಂಗಳಲ್ಲಿ. ಕಮೋಡು ಕುರ್ಚಿಯನ್ನು ತೊಳೆದು ಒಣಗಿಸಿ, ಸೊಂಟದ ಮೂಳೆ ಮುರಿದುಕೊಂಡ ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆವು.